ಐದು ಸೆಕೆಂಡಿನ ತಡ

ಶುಕ್ರವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಸೌಭಾಗ್ಯಮ್ಮ ಕಿವಿಮಣಿಯನ್ನು ಕಿವಿಯ ಹಿಂದೆ ಅಂಟಿಸಿಕೊಂಡ ಕೂಡಲೇ ಅದು ನುಡಿಯಿತು: “ಮೆಹಬೂಬ ನದಾಫರಿಂದ ಹಾಡು. ಗುರುತು, ಎರಡು ನಿಮಿಷ ಹನ್ನೊಂದು ಸೆಕೆಂಡು.”

ಕಿವಿಮಣಿ ಕಡಲೆಕಾಳಿನಷ್ಟು ದೊಡ್ಡ ಯಂತ್ರ. ೨೦೬೧ರ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಅದಿಲ್ಲದ ಮನೆಯಿರಲಿಲ್ಲ. ಹಾಡು ಕೇಳುವವರ ನಾಡಿಯ ಬಡಿತವನ್ನೂ ಚರ್ಮದ ಮೇಲಿನ ರೋಮಾಂಚವನ್ನೂ ಅದು ಅಳೆಯುತ್ತಿತ್ತು. ಯಾವ ಗೆಳೆಯರಿಗೆ ಯಾವ ಹಾಡು ಹಿಡಿಸೀತೆಂದು ಲೆಕ್ಕಹಾಕಿ, ಬೇಕೆಂದರೆ ತಾನೇ ಕಳಿಸುತ್ತಿತ್ತು, ತಾನೇ ಉತ್ತರವನ್ನೂ ಬರೆಯುತ್ತಿತ್ತು.

ಸೌಭಾಗ್ಯಮ್ಮ ಮತ್ತು ವಿಜಯಪುರದ ಮೆಹಬೂಬರು ಔಷಧ ಕಾಲೇಜಿನಲ್ಲಿ ಸಹಪಾಠಿಗಳು. ಕ್ಯಾಂಟೀನಿನಲ್ಲಿ ಒಂದೇ ಇಯರ್‌ಫೋನನ್ನು ಇಬ್ಬರೂ ಹಂಚಿಕೊಂಡು, ತಾಳಕ್ಕೆ ಬಿರುಸಾಗಿ ಮಾತು ಕಟ್ಟುವ ಹಿಪ್‌ಹಾಪನ್ನೂ, ಅಮೆರಿಕದ ಕಪ್ಪು ಜನರ ಪ್ರಾರ್ಥನೆಯಿಂದ ಹುಟ್ಟಿದ ಸೋಲ್ ಹಾಡುಗಳನ್ನೂ ಕೇಳಿದವರು. ಅಂದಿನಿಂದ ಪ್ರತಿ ಶುಕ್ರವಾರ ಆನ್‌ಲೈನಿನಲ್ಲಿ ಒಬ್ಬರಿಗೊಬ್ಬರು ಒಂದು ಹಾಡು ಕಳಿಸುವರು. ಹೊಗಳಿಕೆ ಬರೆಯುವಂತಿಲ್ಲ. ಕಳಿಸಿದವರೂ ಕೇಳಿದವರೂ ಎದೆ ಝಲ್ಲೆಂದ ಕ್ಷಣವನ್ನು ನಿಮಿಷ ಸೆಕೆಂಡುಗಳಲ್ಲಿ ಗುರುತಿಸಬೇಕು, ಅಷ್ಟೆ.

ಮೆಹಬೂಬರ ಗುರುತು ಯಾವಾಗಲೂ ಐದು ಸೆಕೆಂಡು ತಡ. ಅವರು ಕಣ್ಣು ಮುಚ್ಚಿ ಕೇಳಿ, ಆಮೇಲೆ ಕಣ್ಣು ತೆರೆದು ಗಡಿಯಾರ ನೋಡುವವರು. “ಲೇ ನದಾಫ, ನಿನ್ನ ಎದಿ ಪ್ಯಾಸೆಂಜರ್ ರೈಲಲ್ಲಿ ಬರ್ತದೇನು?” ಎಂದು ಸೌಭಾಗ್ಯಮ್ಮ ಛೇಡಿಸುತ್ತಿದ್ದರು.

ಈ ದಿನ ಹಾಡು ಕೇಳುತ್ತ ಅವರು ಬೆಚ್ಚಿದರು. ಎರಡು ನಿಮಿಷ ಹನ್ನೊಂದನೆಯ ಸೆಕೆಂಡಿಗೆ ಸರಿಯಾಗಿ ಗಾಯಕಿಯ ದನಿ ಒಡೆಯಿತು. ತಡವೇ ಇರಲಿಲ್ಲ. ಹಿಂದಿನ ವಾರದ ಹಾಡನ್ನು ತೆಗೆದು ಕೇಳಿದರು. ಅದರಲ್ಲೂ ಇರಲಿಲ್ಲ. ಅದರ ಹಿಂದಿನದರಲ್ಲೂ ಇಲ್ಲ. ತನ್ನ ಕಣ್ಣಿನ ಶಸ್ತ್ರಚಿಕಿತ್ಸೆಯಾದಾಗ ಹಾಡು, ಉತ್ತರ ಎಲ್ಲವನ್ನೂ ಮಣಿಗೆ ಒಪ್ಪಿಸಿದ್ದು, ಮತ್ತೆ ಹಿಂದಕ್ಕೆ ಪಡೆಯಲು ಮರೆತದ್ದು ಆಗ ನೆನಪಿಗೆ ಬಂತು. ಮೆಹಬೂಬರೂ ಹಾಗೇ ಮಾಡಿರಬೇಕೆನಿಸಿತು. ಮಣಿಯನ್ನು ತೆಗೆದಿಟ್ಟು, ಕಪಾಟಿನಲ್ಲಿದ್ದ ಹಳೆಯ ಫೋನಿನಿಂದ ವಿಜಯಪುರಕ್ಕೆ ಕರೆ ಮಾಡಿದರು. ಮೆಹಬೂಬರ ಮಗಳು ರುಬಿನಾ ಎತ್ತಿಕೊಂಡಳು.

“ಅಪ್ಪಗ ಫೋನ್ ಕೊಡವಾ.”



“ಆಂಟಿ, ಅಬ್ಬಾ ಹೋಗಿ ಏಳು ವಾರ ಆತಲ್ರೀ. ನೀವು ಅವತ್ತ ಸಮಾಧಾನದ ಮಾತು ಬರದು, ಒಂದು ಹಾಡು ಕಳಿಸಿದ್ರಿ. ಅಮ್ಮಿ ಕಲ್ಲಿನಂಗ ಕುಂತಿದ್ಳು. ಅದನ್ನ ಕೇಳಿದ ಮ್ಯಾಲೇ ಅತ್ಳು. ನಿಮಗ ನೆನಪಿಲ್ಲೇನ್ರಿ?”

ಸೌಭಾಗ್ಯಮ್ಮನ ಕೈ ಕೊರಳಿನ ಲಿಂಗವನ್ನು ಹಿಡಿದುಕೊಂಡಿತು. ತಾನು ಕಳಿಸಲಿಲ್ಲ ಎಂದರೆ ಆ ಹೆಂಗಸಿನ ಅಳುವನ್ನೂ ಕಸಿದುಕೊಂಡಂತೆ. “ಹೌದವಾ, ನೆನಪೈತಿ,” ಎಂದರು. ತನ್ನ ಬಾಯಿಂದ ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವರಿಗೆ ಹೆದರಿಕೆಯಾಯಿತು.

ಮಧ್ಯಾಹ್ನ ಅವರು ಧಾರವಾಡಕ್ಕೆ ಹೋಗಿ, ಕಿವಿಮಣಿಯನ್ನು ಕಂಡುಹಿಡಿದ ಡಾ. ಉಷಾ ಬೆಳವಡಿಯವರ ಮೇಜಿನ ಮೇಲೆ ಅದನ್ನಿಟ್ಟರು.

“ಡಾಕ್ಟರ್ ಬಾಯಾರ, ಸತ್ತವನ ಹೆಸರಿನ್ಯಾಗ ಇದು ನನಗ ಹಾಡು ಯಾಕ ಕೊಡ್ತು? ಸತ್ತ ಸುದ್ದಿ ಯಾಕ ಕೊಡಲಿಲ್ಲ?”

ಉಷಾ ಮಣಿಯ ದಾಖಲೆಯನ್ನು ಪರದೆಯ ಮೇಲೆ ತೆರೆದರು. “ಹಾಡು ಅವರ ಮಣಿ ಕಳಿಸೇದ ಅಕ್ಕಾರ. ಯಾರೂ ಆ ಮಣೀನ ಬಂದ್ ಮಾಡಿಲ್ಲ. ಸುದ್ದಿ ಕೇಳಿದ್ರ ನಿಮ್ಮ ನಾಡಿ ಏರತದಂತ ನಿಮ್ಮ ಮಣಿ ತಡದೈತಿ. ಇನ್ನೂ ಒಂದು ತಡದೈತ್ರಿ. ಅವರು ತೀರಿಕೊಳ್ಳೋ ಹಿಂದಿನ ದಿನ ತಾವ ಕೈಯಾರೆ ಕಳಿಸಿದ ಹಾಡು. ಗುರುತು ಮೂರು ನಿಮಿಷ ಐದು ಸೆಕೆಂಡು.”

“ಅದನ್ನ ಯಾಕ ತಡೀಬೇಕಿತ್ತು?”

“ಭಾಳ ದುಃಖದ ಹಾಡ್ರಿ. ನಿಮಗ ಹಿಡಿಸೂದಿಲ್ಲಂತ ಲೆಕ್ಕ ಹಾಕೇತಿ.”

“ಗೆಳೆತನ ಅಂದ್ರ ಹಿಂಗಂತ ಇದಕ್ಕ ಕಲಿಸಿದವರು ಯಾರು?”

ಉಷಾ ಪರದೆಯಿಂದ ಕಣ್ಣು ತೆಗೆದರು. “ನಾ ಕಲಿಸಲಿಲ್ರಿ. ನಲವತ್ತು ವರ್ಷದ ಹಿಂದ ಮಂದಿ ಒಬ್ಬರಿಗೊಬ್ಬರು ಕಳಿಸಿದ ಹಾಡಿನ ದಾಖಲೆ ಕೊಟ್ಟೆ. ಹಾಡು ನಾಲ್ಕು ನಿಮಿಷದ್ದು. ಕಳಿಸಿದ ಆರು ಸೆಕೆಂಡಿಗೆ ಹೃದಯದ ಚಿಹ್ನೆ ಬಂದಿರ್ತಿತ್ತು. ಕೋಟಿಗಟ್ಟಲೆ ಹಂಗ. ಕೇಳಬೇಕಂತಿಲ್ಲ, ಸಂತೋಷ ಆತಂತ ತೋರಿಸಿದ್ರ ಸಾಕಂತ ಅದು ತಿಳಕೊಂತು.” ಪರದೆಯ ಮೇಲಿನ ಒಂದು ಸಾಲಿಗೆ ಬೆರಳಿಟ್ಟು ಹೇಳಿದರು: “ನಿಮ್ಮ ದಾಖಲೀನೂ ಅದರಾಗ ಅದಾವ್ರಿ ಅಕ್ಕಾರ.”

ಸೌಭಾಗ್ಯಮ್ಮನಿಗೆ ಬಸ್ಸಿನಲ್ಲಿ, ಔಷಧದಂಗಡಿಯ ಗದ್ದಲದಲ್ಲಿ, ಹಾಡು ತೆರೆಯದೆ ಹೆಬ್ಬೆರಳಿನಿಂದ ಒತ್ತಿದ ಕೆಂಪು ಹೃದಯಗಳು ನೆನಪಾದವು. ಆ ಶುಕ್ರವಾರಗಳಲ್ಲಿ ಗುರುತು ಬರೆಯುವುದನ್ನು “ಆಮ್ಯಾಲ ಬರೀತೀನಿ” ಎಂದು ಬಿಟ್ಟದ್ದೂ ಇತ್ತು.

“ಆ ಹಾಡು ಹಚ್ರಿ,” ಎಂದರು.

ಹಾಡು ಶುರುವಾಯಿತು. ಸೌಭಾಗ್ಯಮ್ಮ ಕಣ್ಣು ಮುಚ್ಚಿದರು. ಮೂರನೆಯ ನಿಮಿಷ ಮುಗಿಯುವಾಗ, ಅವರ ಗುರುತಿಗಿಂತ ಐದು ಸೆಕೆಂಡು ಮೊದಲೇ ಎಚ್ಚರವಾಗಿರಬೇಕು ಎಂದುಕೊಂಡರು.

ಮೇಜಿನ ಮೇಲಿದ್ದ ಮಣಿಯಲ್ಲಿ ಪುಟ್ಟ ಹಸಿರು ದೀಪ ಮಿನುಗಿತು. ಸೌಭಾಗ್ಯಮ್ಮನ ಹೆಸರಿನಲ್ಲಿ ಒಂದು ಕೆಂಪು ಹೃದಯ ವಿಜಯಪುರಕ್ಕೆ ಹೋಯಿತು. ಮರುಕ್ಷಣವೇ ಮೆಹಬೂಬ ನದಾಫರ ಹೆಸರಿನಲ್ಲಿ ಧನ್ಯವಾದ ಬಂತು.

ಹಾಡು ಶುರುವಾಗಿ ಆಗ ಆರು ಸೆಕೆಂಡಾಗಿತ್ತು.