ಒರತೆಯ ಮೇಲೊಂದು ಮಂಜುಗಡ್ಡೆ

ಚಳಿಗಾಲವಿಡೀ ಹಬೆಯಾಡುತ್ತಿದ್ದ ಕಾಡಿನ ಒರತೆ ಆ ಮಾರ್ಚ್ ಬೆಳಗ್ಗೆ ಹೆಪ್ಪುಗಟ್ಟಿ ಮಲಗಿತ್ತು. ಅಡೆಲ್ ಬಗ್ಗಿ ಮುಟ್ಟಿದಳು. ನೆಲದಾಳದ ಬೆಚ್ಚನೆಯ ನೀರು ಉಕ್ಕುವಲ್ಲಿ ಮಂಜುಗಡ್ಡೆ! ಯಾರೋ ನಿದ್ದೆಯಲ್ಲೇ ಉಸಿರು ನಿಲ್ಲಿಸಿದಂತಿತ್ತು.

"ನಾನಲ್ಲಮ್ಮಾ," ಹಿಂದೆ ನಿಂತಿದ್ದ ಮಾತೆರ್ನ್ ಪಕ್ಕದ ಸಲೊಮೆಯತ್ತ ತಿರುಗಿ ತೊದಲಿದ. ರೈನ್ ದಂಡೆಯ ಆ ಊರಿಗೆ ಮೂಲಂಗಿ ಬೆಳೆಯುವವನು ಅವನು. "ನನ್ನ ಪಂಪೇ ಕಾಡಿನ ನೀರು ಹೀರ್ತಂತೆ. ಸಂಜೆ ಮೇಯರಮ್ಮ ನನ್ನ ಬಾವಿಗೆ ಬೀಗ ಜಡೀತಾರೆ. ಆಮೇಲೆ ನಾನು ಊರು ಬಿಡೋದೇ."

ಊರಿನ ಕಳವು, ಜಗಳಗಳ ಗಂಟು ಬಿಚ್ಚುತ್ತಿದ್ದವಳು ಮುದಿ ಸೂಲಗಿತ್ತಿ ಸಲೊಮೆ. ಅವಳ ಬುಟ್ಟಿ ಹೊತ್ತು ನೆರಳಿನಂತೆ ತಿರುಗುವವಳು ಅಡೆಲ್.

"ಅಳಬೇಡ್ವೋ, ಮೀಸೆ ಒದ್ದೆ ಆಗುತ್ತೆ. ಪಂಪ್ ತೋರ್ಸು," ಎಂದಳು ಸಲೊಮೆ.

ಪಂಪಿನ ಚಕ್ರಕ್ಕೂ ಗೋಡೆಗೂ ನಡುವೆ ಜೇಡರ ಬಲೆ. ಅದರಲ್ಲಿ ಶರತ್ಕಾಲದ ಒಂದು ಒಣ ಎಲೆ. ಸಲೊಮೆ 'ಹೂಂ' ಎಂದಳು, ಅಷ್ಟೇ.

ಅಲ್ಲಿಂದ ಸಲೊಮೆ, ಅಡೆಲ್ ಇಬ್ಬರೂ ಮಂಜಿನೊಳಗೆ ಹೊಳೆಯ ಒಡ್ಡಿನತ್ತ ನಡೆದರು. ಒಡ್ಡಿನ ಆಚೆಗೆ ನೆರೆ ನಿಂತಿತ್ತು. ನೀರಂಜಿ ಮರಗಳ ಕಾಂಡಗಳಿಗೆ ಮೊಣಕಾಲೆತ್ತರ ಹಸಿ ಕೆಸರು. ಈಚೆಗೆ, ಕಾಡಿನ ಓಕ್ ಮರಗಳ ಮೇಲೆ ಒಣ ಪಾಚಿ ಮಾತ್ರ. ಈಚೆ ಬದಿಯಲ್ಲೇ, ಒಡ್ಡಿನ ತೂಬಿನ ಬಳಿ ಪುಟ್ಟ ಓಕ್ ಸಸಿಯೊಂದು ಕಡ್ಡಿಬೇಲಿಯೊಳಗೆ ನಿಂತಿತ್ತು. ಊರಲ್ಲಿ ಮಗು ಹುಟ್ಟಿದರೆ ಕಾಡಿಗೊಂದು ಸಸಿ. ಅದರ ನೀಲಿ ರಿಬ್ಬನ್ ಈಗಷ್ಟೇ ಒಗೆದಂತೆ ಶುಭ್ರವಾಗಿದೆ ಎಂದು ಅಡೆಲ್ ಮೆಲ್ಲನೆ ಹೇಳಿದಳು.

"ಅದೇ ಕಣೇ," ಎಂದು ಸಲೊಮೆ ನಕ್ಕಳು.

ಸಂಜೆ ಬಾವಿಯ ಸುತ್ತ ಊರೇ ನೆರೆದಿತ್ತು. ಮೇಯರ್ ಎರ್ನೆಸ್ಟಿನ್ ಸೊಂಟದ ಬೀಗದ ಕೈಗೊಂಚಲು ಕಿಣಿಕಿಣಿಸುತ್ತ, ದಪ್ಪ ಬೀಗ ಹಿಡಿದು ಬಂದಳು.

"ತಡಿಯಮ್ಮ," ಎಂದಳು ಸಲೊಮೆ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಯಾಕೆ? ಇವನ ಪಂಪಲ್ಲಿ ಜೇಡ ಸಂಸಾರ ಹೂಡಿದೆ. ಶರತ್ಕಾಲದಿಂದ ಅದು ತಿರುಗೇ ಇಲ್ಲ."

"ಹಾಗಾದ್ರೆ ನೀರೇನು ಹಾರಿಹೋಯ್ತಾ?"

"ಒಳಗೆ ಬರಲೇ ಇಲ್ಲ. ಪ್ರತಿವರ್ಷ ನೆರೆ ತೂಬು ದಾಟಿ ಕಾಡೊಳಗೆ ಬಂದು ಮಲಗುತ್ತೆ, ಮೆಲ್ಲಗೆ ನೆಲಕ್ಕಿಳಿಯುತ್ತೆ. ಒರತೇಲಿ ಮತ್ತೆ ಏಳೋದು ಅದೇ ನೀರು. ಈ ವರ್ಷ ಆಚೆ ಮರಕ್ಕೆ ಕೆಸರಿದೆ, ಈಚೆ ಮರಕ್ಕಿಲ್ಲ. ಯಾರೋ ತೂಬು ಮುಚ್ಚಿದ್ದಾರೆ. ನೆರೆಗೆ ಹೆದರೋದು ಯಾರು? ಹೊಸ ಸಸಿ ನೆಟ್ಟೋರು. ಕಳೆದ ಶರತ್ಕಾಲದಲ್ಲಿ ಊರಲ್ಲಿ ಹುಟ್ಟಿದ್ದು ಒಂದೇ ಕೂಸು. ಅದನ್ನ ಹಿಡಿದಿದ್ದು ಇದೇ ಕೈ. ತೂಬಿನ ಬೀಗದ ಕೈ ನಿನ್ನ ಸೊಂಟದಲ್ಲಿದೆ, ಎರ್ನೆಸ್ಟಿನ್."

ಎರ್ನೆಸ್ಟಿನ್ ಗೊಂಚಲನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ಮೊಮ್ಮಗಳ ಸಸಿ ಕೊಚ್ಚಿಹೋಗುತ್ತೇಂತ..." ಎಂದಳು. "ಒರತೆ ನೆಲದ್ದು, ನೆರೆ ಹೊಳೇದು ಅಂದ್ಕೊಂಡಿದ್ದೆ ಕಣೇ."

"ಬೇರಿಗೆ ಆ ಭೇದ ಗೊತ್ತಿಲ್ಲ. ನೀರಿಳಿಯದಿದ್ರೆ ಮೊದಲು ಒಣಗೋದೇ ನಿನ್ನ ಸಸಿ."

ಎರ್ನೆಸ್ಟಿನ್ ಒಡ್ಡಿಗೆ ನಡೆದು, ತಾನೇ ತೂಬಿನ ಚಕ್ರ ತಿರುಗಿಸಿದಳು. ಹಾಲು ಬೆರೆಸಿದ ಕಾಫಿಯ ಬಣ್ಣದ ನೀರು ಕನಸಿನಲ್ಲಿ ನಡೆದಂತೆ ಮರಗಳ ನಡುವೆ ಹರಡಿತು. ಯಾರೂ ಕರೆಯದಿದ್ದರೂ ಮಾತೆರ್ನ್ ನೀರಿಗಿಳಿದು ಸಸಿಯನ್ನು ಎರಡೂ ಕೈಯಲ್ಲಿ ಹಿಡಿದ. ನೀರು ಶಾಂತವಾದ ಮೇಲೆ ಬೆರಳು ಸಡಿಲಿಸಿದ. ಸಸಿ ಬಾಗಿತು, ತೂಗಿತು, ನಿಂತಿತು.

ಬಾವಿಗೆಂದು ತಂದ ಬೀಗವನ್ನು ಎರ್ನೆಸ್ಟಿನ್ ತೆರೆದ ತೂಬಿನ ಚಕ್ರಕ್ಕೆ ಜಡಿದು, ಬೀಗದ ಕೈಯನ್ನು ಮಾತೆರ್ನ್‌ನ ಒದ್ದೆ ಅಂಗೈಯಲ್ಲಿಟ್ಟಳು.