ಬಾಡಿಗೆ ದನಿ

"ನಲವತ್ತೊಂದು!"

"ಪ್ರೆಸೆಂಟ್ ಸಾರ್!"

ದನಿಯೇನೋ ಹೆಣ್ಣಿನದೇ. ತೆಳ್ಳಗೆ, ತುಸು ನಾಚಿಕೊಂಡಂತೆ. ಆದರೆ ಅದು ಬಂದದ್ದು ನಲವತ್ತೊಂದನೇ ನಂಬರಿನ ಹುಡುಗಿಯ ಬಾಯಿಂದಲ್ಲ. ಅವಳ ಬೆನ್ನ ಹಿಂದೆ ಕೂತಿದ್ದ, ಆಗಷ್ಟೇ ಮೀಸೆ ಚಿಗುರುತ್ತಿದ್ದ ನಲವತ್ತೆರಡನೆಯವನಿಂದ.

ಅವಳು ಬೆಚ್ಚಿ ತಿರುಗಿದಳು. ಅವನು ಪೆನ್ನಿನ ಕ್ಯಾಪನ್ನು ಜೀವಮಾನದಲ್ಲಿ ಮೊದಲ ಸಲ ಕಂಡವನಂತೆ ನೋಡುತ್ತಿದ್ದ.

"ನಿನ್ನ ದನಿ ರಿಪೇರಿಯಾಗೋವರೆಗೂ ಇದನ್ನ ಬಾಡಿಗೆಗೆ ಇಟ್ಕೋ," ಎಂದು ಪಿಸುಗುಟ್ಟಿದ. "ಬಾಡಿಗೆ ಜಾಸ್ತಿ ಏನಿಲ್ಲ. ದಿನಕ್ಕೊಂದು ನಗು."

ಪಾಪ, ರಿಪೇರಿಯಂತೂ ಬೇಕಿತ್ತು. ಯೂನಿವರ್ಸಿಟಿಗೆ ಸೇರಿದ ಮೊದಲ ವಾರವಿಡೀ ಅವಳು ಕ್ಲಾಸಿನಲ್ಲಿ ಕೂತೇ ಆಬ್ಸೆಂಟ್ ಆಗಿದ್ದಳು. ತಮ್ಮನನ್ನು ಗದರಿಸುವಾಗ ಬೀದಿಗೆಲ್ಲ ಕೇಳುತ್ತಿದ್ದ ಗಂಟಲು, ನೂರು ತಲೆಗಳ ನಡುವೆ ಹಲ್ಲಿನಿಂದಾಚೆ ಬರುತ್ತಿರಲಿಲ್ಲ. ಸ್ಟಾಟಿಸ್ಟಿಕ್ಸ್ ಮೇಷ್ಟ್ರೋ, ಹಾಜರಿ ಪುಸ್ತಕದಿಂದ ಕತ್ತೆತ್ತುವವರಲ್ಲ. ದನಿ ಬಂದರೆ ಇದ್ದಾರೆ, ಬರದಿದ್ದರೆ ಇಲ್ಲ. ಅವರ ಲೆಕ್ಕ ಅಷ್ಟೇ ಸರಳ.

ಅಂದಿನಿಂದ ಬಾಡಿಗೆ ಶುರುವಾಯಿತು. ಅವನು ಪ್ರೆಸೆಂಟ್ ಅನ್ನುವುದು, ಇವಳು ಕುತ್ತಿಗೆಯನ್ನು ಇಷ್ಟೇ ಇಷ್ಟು ತಿರುಗಿಸಿ ತುಟಿಯಂಚಲ್ಲಿ ನಗುವುದು. ಮರೆತರೆ ಅವನು ಕಾಲಿನಿಂದ ಬೆಂಚು ತಟ್ಟಿ, "ಮೇಡಂ, ಬಾಡಿಗೆ," ಎನ್ನುತ್ತಿದ್ದ. ಆ ಕ್ಲಾಸು ಯಾವಾಗ ಬರುತ್ತದೋ ಎಂದು ಅವಳು ಕಾಯತೊಡಗಿದಳು. ಸ್ಟಾಟಿಸ್ಟಿಕ್ಸಿಗಾಗಿ ಯಾರಾದರೂ ಹಾಗೆ ಕಾದದ್ದು ಆ ಕಟ್ಟಡದ ಚರಿತ್ರೆಯಲ್ಲೇ ಇರಲಿಕ್ಕಿಲ್ಲ.

ಎಷ್ಟು ದಿನ ನಡೆದೀತು? ಒಂದು ಬೆಳಿಗ್ಗೆ ಮೇಷ್ಟ್ರು ಅಪರೂಪಕ್ಕೆ ತಲೆ ಎತ್ತಿದರು. ಅದೇ ಗಳಿಗೆಗೆ ಗಂಡುಬಾಯಿಂದ ಹೆಣ್ಣುದನಿ ಹೊರಟಿತು. ಕ್ಲಾಸು ಗೊಳ್ಳೆಂದಿತು.

"ಏಳಯ್ಯ ಮೇಲೆ! ಹೆಣ್ಣುಮಕ್ಕಳನ್ನ ಅಣಕಿಸ್ತೀಯಾ?" ಮೇಷ್ಟ್ರ ಮುಖ ಕೆಂಪಾಯಿತು. ಆಮೇಲೆ ಅವಳ ಕಡೆ ತಿರುಗಿ ಮೆತ್ತಗೆ ಕೇಳಿದರು, "ಹೆದರಬೇಡ, ಹೇಳಮ್ಮ. ದಿನಾ ಹೀಗೇ ತೊಂದರೆ ಕೊಡ್ತಾನಾ ನಿನಗೆ?"

ಇಲ್ಲ ಸಾರ್. ಎರಡೇ ಮಾತು. ಗಂಟಲವರೆಗೆ ಬಂದವು, ಅಲ್ಲೇ ಕೂತವು. ನೂರು ತಲೆಗಳೂ ಅವಳ ಕಡೆಗೇ ತಿರುಗಿದ್ದವು. ಅವಳು ತಲೆ ತಗ್ಗಿಸಿದಳು.

ಮೌನಂ ಸಮ್ಮತಿ ಲಕ್ಷಣಂ ಅಂತ ಯಾವ ಪುಣ್ಯಾತ್ಮ ಹೇಳಿಟ್ಟನೋ! ಮೇಷ್ಟ್ರು ತೀರ್ಪು ಕೊಟ್ಟೇಬಿಟ್ಟರು. "ನಡಿ ಆಚೆ. ಇನ್ನು ನನ್ನ ಕ್ಲಾಸಿಗೆ ಕಾಲಿಡಬೇಡ. ಹಾಜರಿ ಇಲ್ದೆ ಪರೀಕ್ಷೆ ಹೇಗೆ ಬರೀತೀಯೋ ನೋಡ್ತೀನಿ."

ಅವನು ಒಂದು ಮಾತಾಡಬಹುದಿತ್ತು. ಇವಳಿಗೆ ಬಾಯಿ ಬರಲ್ಲ ಸಾರ್, ಅದಕ್ಕೇ ನಾನು ಹೇಳ್ತೀನಿ, ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಬ್ಯಾಗು ಹೆಗಲಿಗೇರಿಸಿ ಹೊರಟುಹೋದ.

ಹಾಸ್ಟೆಲಿನಲ್ಲಿ ಅವಳ ರೂಮ್‌ಮೇಟ್ ಬೆನ್ನು ತಟ್ಟಿದಳು. ಬಾಯಿಗೆ ಬಿಡುವೇ ಇಲ್ಲದ ಆ ಹುಡುಗಿಯನ್ನು ಎಲ್ಲರೂ ಕರೆಯುತ್ತಿದ್ದುದೇ ರೇಡಿಯೋ ಎಂದು. "ಸರಿಯಾಗಿ ಬುದ್ಧಿ ಕಲಿಸಿದೆ ಕಣೇ! ಅವನಿಗೆ ಹಾಗೇ ಆಗಬೇಕು."

"ಅವರು ಏನೂ ಮಾಡಿಲ್ಲ ಕಣೇ," ಎಂದವಳೇ ದಿಂಬಿಗೆ ಮುಖ ಒತ್ತಿ ಅತ್ತಳು. ಬಿಕ್ಕುತ್ತಲೇ ಎಲ್ಲವನ್ನೂ ಹೇಳಿದಳು. ರೇಡಿಯೋ ಬಂದ್ ಆದದ್ದು ಅದೇ ಮೊದಲು.

"ಅಲ್ವೇ, ನನ್ನ ಹತ್ರ ಇಷ್ಟುದ್ದ ಹೇಳಿದೆಯಲ್ಲ, ಇದನ್ನೇ ಅಲ್ಲಿ ಹೇಳೋಕೇನು? ಬಾಯಿ ಬಿಟ್ರೆ ಮುತ್ತು ಉದುರುತ್ತಾ?" ಎಂದಳು ರೇಡಿಯೋ ಕೊನೆಗೆ.

ಮುಂದಿನ ಕ್ಲಾಸಿನಲ್ಲಿ ಅವಳಿಗೆ ತಗ್ಗು ಕಿಟಕಿಯಾಚೆ ಒಂದು ಮೊಣಕೈ ಕಂಡಿತು. ಅವನು ಕಾರಿಡಾರಿನ ನೆಲದ ಮೇಲೆ ಕೂತು ನೋಟ್ಸ್ ಬರೆದುಕೊಳ್ಳುತ್ತಿದ್ದ. ಅದನ್ನು ನೋಡಿದ ಮೇಲೆ ಅವಳ ತಲೆಗೆ ಒಂದಕ್ಷರ ಹತ್ತಲಿಲ್ಲ. ತನ್ನ ನಂಬರು ಕೂಗಿದಾಗ ತುಟಿಯನ್ನೂ ಅಲುಗಿಸಲಿಲ್ಲ. ಆಬ್ಸೆಂಟ್ ಹಾಕಲಿ, ತನಗೆ ಅದೇ ತಕ್ಕ ಶಾಸ್ತಿ.

ಮಧ್ಯಾಹ್ನ ಧೈರ್ಯ ಮಾಡಿ ಸ್ಟಾಫ್ ರೂಮಿಗೆ ಹೋದಳು.

"ಏನಮ್ಮ, ಮತ್ತೆ ತೊಂದರೆ ಕೊಟ್ಟನಾ?" ಎಂದರು ಮೇಷ್ಟ್ರು. ಅಲ್ಲಿದ್ದವರೆಲ್ಲ ಅವಳತ್ತ ತಿರುಗಿದರು.

"ಚಾಕ್‌ಪೀಸ್ ಬೇಕಿತ್ತು ಸಾರ್."

ಕಾರಿಡಾರಿನಲ್ಲಿ ಅವನು ಎದುರಾದ. ಅವಳ ಕೈಲಿದ್ದ ಚಾಕ್‌ಪೀಸ್ ನೋಡಿ ಹುಬ್ಬೇರಿಸಿದ. "ಓಹೋ, ಅಷ್ಟು ಬೇಗ ಟೀಚರಾಗಿಬಿಟ್ಟೆಯಾ?"

ಬೈದಿದ್ದರೆ ಎದೆ ಹಗುರಾಗುತ್ತಿತ್ತು. ಅವನು ನಗುತ್ತಿದ್ದ. ಅವಳಿಗೆ ಸತ್ತೇ ಹೋಗಬೇಕೆನಿಸಿತು.

"ನೀವ್ಯಾಕೆ ಅವತ್ತು ನಿಜ ಹೇಳಲಿಲ್ಲ?"

"ಹೇಗೆ ಹೇಳಲಿ? ನಿನಗೆ ಮಾತು ಹೊರಡಲ್ಲ ಅಂತ ಅಷ್ಟು ಜನದ ಮುಂದೆ ಡಂಗುರ ಸಾರಬೇಕಿತ್ತಾ?" ಅವನು ನಗು ನಿಲ್ಲಿಸಿದ. "ಆಮೇಲೆ ನೀನು ಕ್ಲಾಸಿಗೆ ಬರ್ತಿದ್ದೆಯಾ?"

ಬರುತ್ತಿರಲಿಲ್ಲ. ಅದು ಅವಳಿಗೂ ಗೊತ್ತು. ಇವಳ ಮಾನ ಉಳಿಸಲು ಅವನು ತನ್ನದನ್ನು ಕಳೆದುಕೊಂಡಿದ್ದ. ತಾನೋ, ಚಾಕ್‌ಪೀಸ್ ತಂದಿದ್ದಳು.

ಮರುದಿನವೂ ಅದು ಅವಳ ಮುಷ್ಟಿಯಲ್ಲೇ ಇತ್ತು.

"ನಲವತ್ತೊಂದು!"

"ಪ್ರೆಸೆಂಟ್ ಸಾರ್!" ಒಡೆದ ದನಿ, ಬೇಕಾದ್ದಕ್ಕಿಂತ ಜೋರಾಗಿಯೇ ಬಂತು. ಮುಂದಿನ ಬೆಂಚಿನವರು ತಿರುಗಿ ನೋಡಿದರು.

"ನಲವತ್ತೆರಡು," ಎಂದು ಅಭ್ಯಾಸಬಲದಿಂದ ಕೂಗಿ, ಮೇಷ್ಟ್ರು ಆಬ್ಸೆಂಟ್ ಹಾಕಲು ಪೆನ್ನೂರಿದರು.

"ಪ್ರೆಸೆಂಟ್ ಸಾರ್!"

ಅದೇ ದನಿ. ಮೇಷ್ಟ್ರು ತಲೆ ಎತ್ತಿದರು. ಅವಳು ಎದ್ದು ನಿಂತಿದ್ದಳು. ಚಾಕ್‌ಪೀಸ್ ಮುಷ್ಟಿಯಲ್ಲಿ ಪುಡಿಯಾಗಿತ್ತು.

"ಅವರು ಆಚೆ ಕಿಟಕಿ ಕೆಳಗೆ ಕೂತಿದಾರೆ ಸಾರ್. ಅವರು ನನ್ನ ಅಣಕಿಸಲಿಲ್ಲ. ನನ್ನ ದನಿ ನಿಮಗೆ ಮುಟ್ಟಲ್ಲ ಅಂತ ನನ್ನ ಬದಲು ಹೇಳ್ತಿದ್ರು. ಅವತ್ತು ನೀವು ಕೇಳಿದಾಗ ನಾನು ಬಾಯಿ ಮುಚ್ಕೊಂಡಿದ್ದೆ. ತಪ್ಪು ನಂದು. ಆಚೆ ಕಳಿಸೋದಾದ್ರೆ ನನ್ನ ಕಳಿಸಿ."

ಯಾರೂ ನಗಲಿಲ್ಲ. ಮೇಷ್ಟ್ರು ಕಿಟಕಿಯ ಬಳಿ ಹೋಗಿ ಬಗ್ಗಿ ನೋಡಿದರು.

"ಬಾರಯ್ಯ ಒಳಗೆ. ನೆಲ ತಣ್ಣಗಿದೆ," ಎಂದರು. ವಾಪಸು ಬಂದು ಹಾಜರಿ ಪುಸ್ತಕ ಮುಚ್ಚಿದರು. "ನಾಳೆಯಿಂದ ನಾನೂ ಮುಖ ನೋಡಿ ಕೂಗ್ತೀನಿ."

ಕ್ಲಾಸು ಬಿಟ್ಟ ಮೇಲೆ ಮೆಟ್ಟಿಲ ಬಳಿ ಅವಳು ಕಾದು ನಿಂತಳು.

"ಕ್ಷಮಿಸಿ ಅಂತ ಕೇಳೋಕೂ ನನಗೆ ಮುಖ ಇಲ್ಲ."

"ಇದೆಯಲ್ಲ." ಅವನು ಬಗ್ಗಿ ಅವಳ ಮುಖ ನೋಡಿದ. "ಇಷ್ಟು ದಿನದ ಬಾಡಿಗೆ ಅದರಲ್ಲೇ ಬರಬೇಕು ನನಗೆ."

ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು. ಅವನು ನಿಟ್ಟುಸಿರಿಟ್ಟ. "ಇನ್ನು ನನ್ನ ಕೆಲಸ ಹೋಯ್ತು ಬಿಡು."

ಅವಳು ಸುತ್ತ ನೋಡಿದಳು. ಯಾರೂ ಇರಲಿಲ್ಲ. ಆದರೂ ಅವಳ ಹಳೆಯ ದನಿಯೇ ಬಂತು, ಪಕ್ಕದವರಿಗೂ ಕೇಳಿಸದ್ದು.

"ನೀನಂದ್ರೆ ನನಗೆ ಇಷ್ಟ ಕಣೋ."

ನೀವು ಹೋಗಿ ನೀನು ಬಂದದ್ದು ಅವಳಿಗೇ ತಡವಾಗಿ ಗೊತ್ತಾಯಿತು. ಅವನು ಬಾಯಿ ತೆರೆದ. ಏನೂ ಹೊರಡಲಿಲ್ಲ. ಮತ್ತೆ ತೆರೆದ. ಯಾರ ದನಿಯನ್ನಾದರೂ ತೆಗೆಯಬಲ್ಲವನಿಗೆ ಈಗ ತನ್ನದೇ ಸಿಗುತ್ತಿರಲಿಲ್ಲ. ಕಿವಿಗಳು ಮಾತ್ರ ಕೆಂಪಾಗಿದ್ದವು.

ಅವಳು ಚಾಕ್‌ಪೀಸ್ ಪುಡಿಯ ಕೈಯನ್ನು ಅವನ ಅಂಗೈಯೊಳಗಿಟ್ಟಳು.

"ಪರವಾಗಿಲ್ಲ," ಎಂದಳು. "ರಿಪೇರಿಯಾಗೋವರೆಗೂ ನಂದು ಇಟ್ಕೋ."