ಪ್ರಶ್ನೆ ನಂಬರ್ ಏಳು

"ಅಲ್ಲಾಡಬೇಡಿ!" ಎಂದು ಗದರಿದ ಅಪ್ಪ.

ಪಾಪ, ಪೋಸ್ಟ್ ಅಂಕಲ್ ಅಲ್ಲಾಡುವುದಾದರೂ ಹೇಗೆ? ಕುರ್ಚಿಗೆ ಒರಗಿ, ಮುಖ ಮೇಲೆತ್ತಿ ಕೂತಿದ್ದರು. ಕೆನ್ನೆ, ಗಲ್ಲ, ಕುತ್ತಿಗೆ ಎಲ್ಲ ಬಿಳೀ ನೊರೆ. ಆ ನೊರೆಯ ಮೇಲೆ ಅಪ್ಪನ ಕತ್ತಿ ಸರ್ ಸರ್ ಎಂದು ಓಡಾಡುತ್ತಿತ್ತು.

"ಅಂಕಲ್, ಪ್ರಶ್ನೆ ನಂಬರ್ ಏಳು," ಎಂದಳು ಬಟಾಣಿ. ಅವಳು ಪಕ್ಕದ ಖಾಲಿ ಕುರ್ಚಿಯಲ್ಲಿ ಪ್ಯಾಡು, ಪೆನ್ಸಿಲು ಹಿಡಿದು ಕೂತಿದ್ದಳು. "ಅಂಗಡಿಯವರು ನಿಮ್ಮ ಮಾತನ್ನು ಗಮನವಿಟ್ಟು ಕೇಳುತ್ತಾರೆಯೇ? ಒಂದರಿಂದ ಐದರವರೆಗೆ ಮಾರ್ಕ್ಸ್ ಕೊಡ್ಬೇಕು. ಐದು ಅಂದ್ರೆ ಸೂಪರ್. ಒಂದು ಅಂದ್ರೆ... ಒಂದು ಅಂದ್ರೆ ಅಷ್ಟೇ."

ಪೋಸ್ಟ್ ಅಂಕಲ್ ಕಣ್ಣುಗುಡ್ಡೆ ಮಾತ್ರ ಹೊರಳಿಸಿ ಕತ್ತಿಯ ಕಡೆ ನೋಡಿದರು. ಅದು ಗಂಟಲ ಹತ್ತಿರ ಬಂದಿತ್ತು.

"ಐ...ಉ," ಎಂದರು ತುಟಿ ಬಿಚ್ಚದೆ.

"ಐದು!" ಬಟಾಣಿ ಖುಷಿಯಿಂದ ಬರೆದುಕೊಂಡಳು. ಬರೆಯುವಾಗ ಅವಳ ಉದ್ದನೆಯ ಜಡೆ ಹಾಳೆಯ ಮೇಲೆ ಬಿತ್ತು. ಅದನ್ನು ಹಿಂದಕ್ಕೆಸೆದಳು. ಅದು ಮತ್ತೆ ಮುಂದಕ್ಕೆ ಬಂತು. ಈ ಜಡೆಯ ಕಾಟ ಅವಳಿಗೆ ದಿನಕ್ಕೆ ನೂರು ಸಲ.

ಕತ್ತಿ ದೂರ ಸರಿದ ಕೂಡಲೇ ಪೋಸ್ಟ್ ಅಂಕಲ್ ಬಾಯಿ ತೆರೆದರು. "ಈ ಸಲ ಮೀಸೆ ಮಾತ್ರ ಸ್ವಲ್ಪ ದಪ್ಪಗೇ..."

"ಗೊತ್ತು ಗೊತ್ತು! ನೀವು ಸುಮ್ನೆ ಕೂತ್ಕೊಳ್ಳಿ," ಎಂದ ಅಪ್ಪ. ಕತ್ತರಿ ಕಟಕಟ ಎಂದಿತು. ಅಪ್ಪನ ಕೈ ಅಂದರೆ ಕೈ. ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿದಿರುತ್ತಿತ್ತು.

ಕನ್ನಡಿಯಲ್ಲಿ ಮೀಸೆ ಪೆನ್ಸಿಲ್ ಗೀಟಿನಷ್ಟು ಉಳಿದಿತ್ತು. ಪೋಸ್ಟ್ ಅಂಕಲ್ ಅದನ್ನು ಎಡಗಡೆಯಿಂದ ನೋಡಿದರು, ಬಲಗಡೆಯಿಂದ ನೋಡಿದರು. "ಚೆನ್ನಾಗಿದೆ," ಎಂದು ಉಸಿರುಬಿಟ್ಟು, ಟೋಪಿ ಹಾಕಿಕೊಂಡು ಹೊರಟರು.

ಬಟಾಣಿ ಎಂಬುದು ಅವಳ ಸ್ಕೂಲಿನ ಹೆಸರಲ್ಲ. ಹುಟ್ಟಿದಾಗ ಅಷ್ಟು ದುಂಡಗಿದ್ದಳಂತೆ. ಈಗ ಐದನೇ ಕ್ಲಾಸು, ಕಡ್ಡಿಯ ಹಾಗಿದ್ದಾಳೆ. ಆದರೂ ಹೆಸರು ಬಿಟ್ಟು ಹೋಗಲಿಲ್ಲ.

ಅವಳಿಗೆ ಈ ಪ್ರಶ್ನೆಗಳ ಹಾಳೆ ಕೊಟ್ಟಿದ್ದು ಚಿಕ್ಕಮ್ಮ. ಚಿಕ್ಕಮ್ಮ ಅವರ ಮನೆಯಲ್ಲೇ ಇದ್ದು ಕಾಲೇಜಿನಲ್ಲಿ ರಿಸರ್ಚ್ ಮಾಡುತ್ತಿದ್ದಳು. ಚಿಕ್ಕ ಚಿಕ್ಕ ಅಂಗಡಿಗಳು ಹೇಗೆ ನಡೆಯುತ್ತವೆ, ಗಿರಾಕಿಗಳು ಯಾಕೆ ಬರುತ್ತಾರೆ, ಯಾಕೆ ಬಿಟ್ಟು ಹೋಗುತ್ತಾರೆ ಎಂದು ಕಂಡುಹಿಡಿಯುವುದೇ ಅವಳ ಕೆಲಸ.

"ನಮ್ಮ ಅಂಗಡಿ ಸರ್ವೇ ನಾನು ಮಾಡ್ತೀನಿ," ಎಂದು ಬಟಾಣಿ ಅವಳ ದುಂಬಾಲು ಬಿದ್ದು ಇಪ್ಪತ್ತು ಹಾಳೆ ಇಸಿದುಕೊಂಡಿದ್ದಳು.

ಅದಕ್ಕೆ ಕಾರಣ ಇತ್ತು. ರಸ್ತೆಯ ಆಚೆ ಬದಿಯಲ್ಲಿ ಹೊಸ ಸೆಲೂನ್ ಬಂದಿತ್ತು. ಗಾಜಿನ ಬಾಗಿಲು, ಸಾಲು ಸಾಲು ಲೈಟು. ಅದು ಬಂದಾಗಿನಿಂದ ಅಪ್ಪನ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸವೇ ಜಾಸ್ತಿಯಾಗಿತ್ತು. ಇದ್ದ ಎರಡು ಕುರ್ಚಿಗಳಲ್ಲಿ ಒಂದು ಯಾವಾಗಲೂ ಖಾಲಿ. ಬಟಾಣಿ ಹೋಂವರ್ಕ್ ಮಾಡುವುದು ಅದರಲ್ಲೇ. ಕಾಲಿನಿಂದ ಪೆಡಲ್ ಒತ್ತಿದರೆ ಅದು ಪುಸ್ಸೆಂದು ಮೇಲೇಳುತ್ತಿತ್ತು.

"ಆ ಕುರ್ಚಿ ನೋಡೋಕೆ ಭಾನುವಾರ ಒಬ್ರು ಬರ್ತಾರೆ. ಮಾರಿಬಿಡೋಣ ಅಂತಿದ್ದೀನಿ," ಎಂದಿದ್ದ ಅಪ್ಪ ಒಂದು ದಿನ ಊಟ ಮಾಡುತ್ತಾ. "ಹೀಗೇ ಆದ್ರೆ ಇನ್ನೊಂದನ್ನೂ ಕೊಟ್ಟು, ಆ ಸೆಲೂನಿಗೇ ಕೆಲಸಕ್ಕೆ ಹೋಗ್ಬೇಕಾಗುತ್ತೆ."

ಬಟಾಣಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದ್ದಳು. ಅಪ್ಪನ ಅಂಗಡಿ ಇಲ್ಲದಿದ್ದರೆ ಅಪ್ಪ ಅಪ್ಪನ ಹಾಗೇ ಇರುತ್ತಾನಾ?

ಸರ್ವೇ ಮುಗಿಯಿತು. ಇಪ್ಪತ್ತು ಹಾಳೆಯಲ್ಲೂ, ಎಲ್ಲ ಪ್ರಶ್ನೆಗೂ ಐದಕ್ಕೆ ಐದು! ಅಪ್ಪನ ಖುಷಿ ಕೇಳಬೇಕೆ? ಒಂದೊಂದೇ ಹಾಳೆಯನ್ನು ಟೇಪ್ ಹಾಕಿ ಕನ್ನಡಿಯ ಸುತ್ತ ಅಂಟಿಸಿದ.

"ನೋಡಿದ್ಯಾ? ನನ್ನ ಕೆಲಸದಲ್ಲಿ ಒಂದು ಕುಂದಿಲ್ಲ. ಜನಕ್ಕೆ ಆ ಲೈಟಿನ ಹುಚ್ಚು, ಅಷ್ಟೇ!"

ಸಂಜೆ ಅಂಗಡಿಗೆ ಬಂದ ಚಿಕ್ಕಮ್ಮ ಹಾಳೆಗಳನ್ನೆಲ್ಲ ಓದಿದಳು. ಹುಬ್ಬು ಮೇಲೇರಿತು. ಬಟಾಣಿಯನ್ನು ಬಾಗಿಲ ಹೊರಗೆ ಎಳೆದುಕೊಂಡು ಹೋದಳು.

"ಇವ್ರನ್ನೆಲ್ಲ ಎಲ್ಲಿ ಕೇಳ್ದೆ?"

"ಕುರ್ಚಿ ಮೇಲೆ ಕೂತಿದ್ದಾಗ."

"ಆವಾಗ ನಿಮ್ಮಪ್ಪ ಎಲ್ಲಿದ್ರು?"

"ಪಕ್ಕದಲ್ಲೇ. ಶೇವಿಂಗ್ ಮಾಡ್ತಿದ್ದ."

ಚಿಕ್ಕಮ್ಮ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಳು. "ಅಯ್ಯೋ ನನ್ನ ಬಟಾಣಿಯೇ! ಕುತ್ತಿಗೆ ಮೇಲೆ ಕತ್ತಿ ಇರುವಾಗ ಯಾರಾದ್ರೂ ಮಾರ್ಕ್ಸ್ ಕಡಿಮೆ ಕೊಡ್ತಾರೇನೇ? ನಾನಾಗಿದ್ರೆ ಹತ್ತು ಕೊಡ್ತಿದ್ದೆ!"

ಬಟಾಣಿಯ ಮುಖ ಸಪ್ಪಗಾಯಿತು. ಇದು ಅವಳಿಗೆ ಹೊಳೆದೇ ಇರಲಿಲ್ಲ.

"ಬೇಜಾರಾಗ್ಬೇಡ. ದೊಡ್ಡ ದೊಡ್ಡೋರೂ ಹೀಗೆ ಎಡವುತ್ತಾರೆ," ಎಂದು ಚಿಕ್ಕಮ್ಮ ಅವಳ ಬೆನ್ನು ತಟ್ಟಿದಳು. "ಇನ್ನೊಂದು ಮಾತು. ಬರೋರನ್ನ ಕೇಳಿದ್ರೆ ಅರ್ಧ ಕತೆ ಗೊತ್ತಾಗುತ್ತೆ. ಬರದೇ ಇರೋರನ್ನ ಕೇಳು. ಆದ್ರೆ ಹೆಸರು ಬರ್ಕೋಬೇಡ. ಯಾರು ಏನು ಹೇಳಿದ್ರು ಅಂತ ಯಾರಿಗೂ ಬಾಯಿ ಬಿಡಬಾರ್ದು. ಸರ್ವೇ ಅಂದ್ಮೇಲೆ ಅದು ರೂಲ್ಸು."

ಮಾರನೆಯ ದಿನದಿಂದ ಬಟಾಣಿ ಚಿಕ್ಕಮ್ಮ ಕೊಟ್ಟ ಹೊಸ ಹಾಳೆಗಳನ್ನು ಪ್ಯಾಡಿಗೆ ಸಿಕ್ಕಿಸಿಕೊಂಡು ಬೀದಿಗಿಳಿದಳು. ಹಿಂದಿನಿಂದ ತಲೆ ನೋಡಿದರೆ ಸಾಕು, ಯಾವುದು ಅಪ್ಪನ ಕಟಿಂಗ್, ಯಾವುದು ಸೆಲೂನಿನದು ಎಂದು ಅವಳಿಗೆ ಗೊತ್ತಾಗುತ್ತಿತ್ತು. ಅಪ್ಪನ ಕಟಿಂಗ್ ಎಲ್ಲರಿಗೂ ಒಂದೇ. ಹಿಂದೆ ಗಿಡ್ಡ, ಕಿವಿ ಪಕ್ಕ ಗಿಡ್ಡ, ಮೇಲೆ ಇನ್ನೂ ಗಿಡ್ಡ.

ಮೊದಲು ಸಿಕ್ಕಿದ್ದು ಸ್ಕೂಲ್ ಬಸ್ಸಿನ ಡ್ರೈವರ್. ಪ್ರಶ್ನೆ ಕೇಳಿ ಅವರು ಆ ಕಡೆ ಈ ಕಡೆ ನೋಡಿದರು.

"ನಿಮ್ಮಪ್ಪನಿಗೆ ಹೇಳಲ್ಲ ತಾನೇ?"

"ಖಂಡಿತ ಇಲ್ಲ. ರೂಲ್ಸು."

"ಕಿವಿ ಪಕ್ಕ ಸ್ವಲ್ಪ ಕೂದಲು ಬಿಡಿ, ನನ್ನ ಕಿವಿ ದೊಡ್ಡದು, ಕಾಣಬಾರ್ದು ಅಂತ ಬೇಡ್ಕೊಂಡೆ ಮರಿ. ಗೊತ್ತು ಗೊತ್ತು ಅಂದ್ರು." ಡ್ರೈವರ್ ಜೇಬಿನಿಂದ ಲೈಸೆನ್ಸ್ ತೆಗೆದು ಫೋಟೋ ತೋರಿಸಿದರು. ಫೋಟೋದ ತುಂಬ ಕಿವಿಯೇ ಇತ್ತು. ಬಟಾಣಿ ನಗಬಾರದೆಂದು ಕೆನ್ನೆಯ ಒಳಭಾಗ ಕಚ್ಚಿಕೊಂಡಳು.

"ಅಪ್ಪನಿಗೇ ಹೇಳ್ಬಹುದಿತ್ತಲ್ಲ?"

"ಹೇಗೆ ಹೇಳೋದು? ಚಿನ್ನದಂಥ ಮನುಷ್ಯ. ನೊಂದುಕೊಳ್ತಾರೆ. ಅದಕ್ಕೇ ಈಗ ಆ ಕಡೆ ಫುಟ್‌ಪಾತ್ ಮೇಲೇ ಹೋಗ್ತೀನಿ, ಅವ್ರ ಕಣ್ಣಿಗೆ ಬೀಳಬಾರ್ದು ಅಂತ."

ಔಷಧಿ ಅಂಗಡಿಯವರೂ ಅದನ್ನೇ ಹೇಳಿದರು. ಲೈಬ್ರರಿಯ ಮೇಡಂ ತಮ್ಮ ಮಗನ ಬಗ್ಗೆ ಅದನ್ನೇ ಹೇಳಿದರು. ಒಬ್ಬರೂ ಲೈಟಿನ ಸುದ್ದಿ ಎತ್ತಲಿಲ್ಲ. ಗಾಜಿನ ಬಾಗಿಲಿನ ಸುದ್ದಿಯೂ ಇಲ್ಲ. ಎಲ್ಲರ ಬಾಯಲ್ಲೂ "ಗೊತ್ತು ಗೊತ್ತು"! ಪ್ರಶ್ನೆ ನಂಬರ್ ಏಳಕ್ಕೆ ಒಂದು, ಎರಡು, ಒಂದು, ಒಂದು.

ಕೊನೆಗೆ ಸ್ಕೂಲ್ ಗೇಟಿನ ಹತ್ತಿರ ಲಂಬು ಸಿಕ್ಕಿದ. ಅವಳ ಕ್ಲಾಸಿನವನೇ. ಅವನ ಉದ್ದಕ್ಕೆ ಆ ಹೆಸರು ಬಂದಿತ್ತು. ಕೂದಲು ಕಣ್ಣಿನ ಮೇಲೆ ಇಳಿಬಿದ್ದಿತ್ತು. ಅವನು ಅಪ್ಪನ ಅಂಗಡಿಗೂ ಹೋಗುತ್ತಿರಲಿಲ್ಲ, ಸೆಲೂನಿಗೂ ಹೋಗುತ್ತಿರಲಿಲ್ಲ.

"ನೀನ್ಯಾಕೆ ಬರಲ್ಲ ಹೇಳು. ಹೆಸರು ಬರ್ಕೊಳ್ಳಲ್ಲ," ಎಂದಳು ಬಟಾಣಿ.

"ಮೊದ್ಲು ನೀನ್ಯಾಕೆ ಹೋಗಲ್ಲ ಹೇಳು," ಎಂದ ಲಂಬು.

"ನಾನಾ?"

"ಹೂಂ, ನೀನೇ. ಮೂರು ವರ್ಷದಿಂದ ನಿಮ್ಮಪ್ಪನ ಹತ್ರ ಕಟಿಂಗ್ ಮಾಡಿಸ್ಕೊಂಡಿದ್ದೀಯಾ? ನೋಡು ಜಡೆ! ಲಿಸ್ಟಲ್ಲಿ ಫಸ್ಟ್ ನೀನೇ ಬರ್ಬೇಕು!" ಎಂದು ಹಲ್ಲು ಕಿರಿದು ಓಡಿಹೋದ.

ಬಟಾಣಿಗೆ ರೇಗಿಹೋಯಿತು. "ನಂಗೆ ಜಡೆ ಇಷ್ಟ ಕಣೋ!" ಎಂದು ಕೂಗಿದಳು. ಕೂಗಿದ ಮೇಲೆ ಅಲ್ಲೇ ನಿಂತಳು.

ಇಷ್ಟವಾ? ಬೆಳಿಗ್ಗೆ ಅಮ್ಮ ಸಿಕ್ಕು ಬಿಡಿಸುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಸೆಕೆಗೆ ಕುತ್ತಿಗೆಯೆಲ್ಲ ತುರಿಕೆ. ಓಡಿದರೆ ಬೆನ್ನಿಗೆ ಪಟಪಟ ಹೊಡೆತ.

ಮೂರು ವರ್ಷದ ಹಿಂದೆ ಸ್ಕೂಲಿನ ಗ್ರೂಪ್ ಫೋಟೋಗೆ ಮುಂಚೆ, "ಅಪ್ಪ, ಭುಜದವರೆಗೆ ಸಾಕು," ಎಂದಿದ್ದಳು. "ಗೊತ್ತು ಗೊತ್ತು ಪುಟ್ಟಾ," ಎಂದಿದ್ದ ಅಪ್ಪ. ಕೂದಲು ಎಷ್ಟು ಗಿಡ್ಡವಾಗಿತ್ತೆಂದರೆ, ಫೋಟೋದಲ್ಲಿ ಅವಳನ್ನು ಅವಳೇ ಗುರುತು ಹಿಡಿಯಲಿಲ್ಲ. ಆಮೇಲೆ ಅಪ್ಪ ಕತ್ತರಿ ಹಿಡಿದಾಗಲೆಲ್ಲ, "ಬೇಡಪ್ಪ, ನಂಗೆ ಜಡೆ ಇಷ್ಟ," ಎನ್ನತೊಡಗಿದಳು. ಹೇಳಿ ಹೇಳಿ ಅದೇ ನಿಜ ಎನಿಸಿಬಿಟ್ಟಿತ್ತು.

ಡ್ರೈವರ್ ಅಂಕಲ್ ಆ ಕಡೆ ಫುಟ್‌ಪಾತಿನಲ್ಲಿ ಹೋಗುತ್ತಿದ್ದರು. ಅವಳು ಜಡೆ ಬಿಟ್ಟುಕೊಂಡಿದ್ದಳು. ಎರಡಕ್ಕೂ ಏನು ವ್ಯತ್ಯಾಸ?

ಅವಳ ಹತ್ತಿರ ಎರಡು ಹಾಳೆ ಉಳಿದಿದ್ದವು. ಕಟ್ಟೆಯ ಮೇಲೆ ಕೂತು ಒಂದನ್ನು ತುಂಬಿದಳು. ಏಳನೇ ಪ್ರಶ್ನೆಗೆ ಬಂದಾಗ ಪೆನ್ಸಿಲ್ ಬಹಳ ಹೊತ್ತು ಗಾಳಿಯಲ್ಲೇ ಇತ್ತು. ಆಮೇಲೆ ಬರೆದಳು. ಮೇಲೆ ಹೆಸರನ್ನೂ ಬರೆದಳು. ತನ್ನ ಹೆಸರು ತಾನೇ ಬರೆದರೆ ರೂಲ್ಸು ಮುರಿದಂತೆ ಆಗುವುದಿಲ್ಲವಲ್ಲ.

ಶನಿವಾರ ಸಂಜೆ ಅಪ್ಪ ಖಾಲಿ ಕುರ್ಚಿಯನ್ನು ಬಟ್ಟೆಯಿಂದ ಒರೆಸುತ್ತಿದ್ದ. ನಾಳೆ ನೋಡಲು ಬರುವವರಿಗೆ ಕುರ್ಚಿ ಪಳಪಳ ಹೊಳೆಯಬೇಕಲ್ಲ. ಬಟಾಣಿ ಸೀದಾ ಹೋಗಿ ಅದರ ಮೇಲೆ ಹತ್ತಿ ಕೂತಳು.

"ಏಯ್, ಒರೆಸ್ತಾ ಇದ್ದೀನಿ, ಇಳಿ."

"ಕಟಿಂಗ್ ಮಾಡು ಅಪ್ಪ."

ಅಪ್ಪನ ಮುಖ ಇಷ್ಟಗಲ ಆಯಿತು. "ನಿಜವಾಗ್ಲೂ?" ಬಟ್ಟೆ ಹೊದಿಸಿದ, ಜಡೆ ಬಿಚ್ಚಿದ, ನೀರು ಚಿಮುಕಿಸಿದ. ಬೆರಳಲ್ಲಿ ಕತ್ತರಿ ಕುಣಿಯತೊಡಗಿತು.

"ಭುಜದವರೆಗೆ ಅಪ್ಪ."

"ಗೊತ್ತು ಗೊತ್ತು..."

"ಗೊತ್ತಿಲ್ಲ ಅಪ್ಪ."

ಕತ್ತರಿ ನಿಂತಿತು. ಹೊದಿಸಿದ ಬಟ್ಟೆಯ ಕೆಳಗಿನಿಂದ ಕೈ ಹೊರಗೆ ಹಾಕಿ ಹಾಳೆ ಕೊಟ್ಟಳು.

ಅಪ್ಪ ಓದಿದ. ಅಂಗಡಿ ಶುಚಿಯಾಗಿದೆಯೇ? ಐದು. ಕೈ ಚುರುಕಾಗಿದೆಯೇ? ಐದು. ಪ್ರಶ್ನೆ ಏಳು. ಅಲ್ಲಿ ಅಪ್ಪನ ಕಣ್ಣು ನಿಂತುಬಿಟ್ಟಿತು.

"ಒಂದಾ?" ಎಂದ. ದನಿ ಸಣ್ಣದಾಗಿತ್ತು. "ಇಲ್ಲಿ ಇಪ್ಪತ್ತು ಜನ ಐದು ಕೊಟ್ಟಿದ್ದಾರೆ!"

"ಆವಾಗ ಕತ್ತಿ ನಿನ್ನ ಕೈಲಿತ್ತು ಅಪ್ಪ."

ಅಪ್ಪ ಕನ್ನಡಿಯ ಸುತ್ತ ಅಂಟಿಸಿದ್ದ ಹಾಳೆಗಳನ್ನು ನೋಡಿದ. ಕನ್ನಡಿಯಲ್ಲಿ ಮಗಳನ್ನು ನೋಡಿದ. ತನ್ನ ಕೈಯನ್ನೂ ನೋಡಿಕೊಂಡ.

"ಈಗ್ಲೂ ಕತ್ತರಿ ನನ್ನ ಕೈಲೇ ಇದೆಯಲ್ಲೇ," ಎಂದ ಮೆಲ್ಲಗೆ. "ಆದ್ರೂ ಒಂದು ಕೊಟ್ಟಿದ್ದೀಯ!"

ಬಟಾಣಿಗೆ ಅಳು ಬಂತು, ನಗುವೂ ಬಂತು. ಎರಡೂ ಒಟ್ಟಿಗೆ ಬಂದು ಮೂಗಿನಿಂದ ಗೊರ್ ಎಂಬ ಸದ್ದು ಹೊರಟಿತು. ಅಪ್ಪನೂ ನಕ್ಕ.

"ಜಡೆ ಇಷ್ಟ ಅಂತಿದ್ದೆ?"

"ನೀನು ಬೇಜಾರು ಮಾಡ್ಕೋತೀಯ ಅಂತ."

"ಆ ಸೆಲೂನಿಗೆ ಹೋಗೋರೂ ಹೀಗೇ ಅಂದ್ರಾ? ಯಾರ‍್ಯಾರು?"

"ಹೆಸರು ಹೇಳಲ್ಲ. ರೂಲ್ಸು." ಬಟಾಣಿ ಕಣ್ಣೊರೆಸಿಕೊಂಡಳು. "ಆದ್ರೆ ಎಲ್ಲರೂ ನೀನು ಒಳ್ಳೆಯವನು ಅಂದ್ರು. ಅದಕ್ಕೇ ಹೇಳೋಕೆ ಆಗ್ಲಿಲ್ವಂತೆ."

ಅಪ್ಪ ಕತ್ತರಿಯನ್ನು ಮೇಜಿನ ಮೇಲಿಟ್ಟ. ಕುರ್ಚಿಯನ್ನು ಕನ್ನಡಿಯಿಂದ ತನ್ನ ಕಡೆಗೆ ತಿರುಗಿಸಿದ. ಪಕ್ಕದ ಕುರ್ಚಿಯಲ್ಲಿ ಗಿರಾಕಿಯ ಹಾಗೆ ತಾನೂ ಕೂತ.

"ಸರಿ. ಹೇಳು. ಹೇಗೆ ಬೇಕು?"

ಬಟಾಣಿ ಅಪ್ಪನ ಮುಖವನ್ನೇ ನೋಡಿದಳು. ಇದನ್ನು ಅಪ್ಪ ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ನಿಧಾನವಾಗಿ ಭುಜದ ಮೇಲೆ ಬೆರಳಿಟ್ಟಳು. "ಇಲ್ಲಿಗೆ."

"ಇಲ್ಲಿಗಾ? ಅಥ್ವಾ ಇನ್ನೊಂಚೂರು ಕೆಳಗಾ?"

"ಇಲ್ಲಿಗೆ."

ಆವತ್ತಿನ ಕಟಿಂಗಿಗೆ ಅಪ್ಪ ಯಾವತ್ತಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡ.

ಭಾನುವಾರ ಬೆಳಿಗ್ಗೆ ಲಂಬು ಬಾಗಿಲಲ್ಲಿ ಇಣುಕಿದ. ಬಟಾಣಿಯ ತಲೆ ನೋಡಿ, "ಇದನ್ನ ಯಾರು ಮಾಡಿದ್ದು? ನಿಮ್ಮಪ್ಪನಾ? ಸುಳ್ಳು!" ಎಂದ. ಅವಳ ಸುತ್ತ ಒಂದು ಸುತ್ತು ಬಂದು, ಎರಡನೇ ಕುರ್ಚಿ ಹತ್ತಿ ಕೂತು, "ಅಂಕಲ್, ನನಗೆ ಹಿಂದೆ ಸಣ್ಣ, ಮುಂದೆ ಉದ್ದ," ಎಂದು ಕೂಗಿದ.

ಅಷ್ಟು ಹೊತ್ತಿಗೆ ಕುರ್ಚಿ ನೋಡುವವರು ಬಂದರು. ಅಪ್ಪ ತಲೆ ಕೆರೆದುಕೊಂಡ. "ಸದ್ಯಕ್ಕೆ ಅದ್ರಲ್ಲಿ ಗಿರಾಕಿ ಕೂತಿದ್ದಾನಲ್ಲ. ಒಂದು ತಿಂಗಳು ಬಿಟ್ಟು ಬರ್ತೀರಾ?" ಅವರು ಗೊಣಗುತ್ತಾ ಹೋದರು.

ಅವರ ಹಿಂದೆಯೇ ಪೋಸ್ಟ್ ಅಂಕಲ್ ಬಂದು ಮೊದಲನೇ ಕುರ್ಚಿಯಲ್ಲಿ ಒರಗಿ, ಅಭ್ಯಾಸದಂತೆ ಕಣ್ಣು ಮುಚ್ಚಿದರು. "ಹಿರಿಯರು ಮೊದ್ಲು," ಎಂದು ಲಂಬುವಿಗೆ ಹೇಳಿ ಅಪ್ಪ ಕತ್ತಿ ಎತ್ತಿಕೊಂಡ. ಏನೋ ನೆನಪಾಗಿ ಅದನ್ನು ಡ್ರಾಯರಿನೊಳಗಿಟ್ಟು ಮುಚ್ಚಿದ.

"ಮೀಸೆ ಹೇಗಿರ್ಲಿ, ಹೇಳಿ."

ಪೋಸ್ಟ್ ಅಂಕಲ್ ಒಂದು ಕಣ್ಣು ತೆರೆದರು. ಆಮೇಲೆ ಇನ್ನೊಂದು. "ನನ್ನನ್ನೇ ಕೇಳ್ತಿದ್ದೀರಾ?"

ಕೇಳಿದ್ದೇ ತಡ, ಅವರು ಮಾತಾಡಿದರು ನೋಡಿ! ಮೀಸೆಯ ದಪ್ಪ ಎಷ್ಟಿರಬೇಕು, ತುದಿ ಯಾವ ಕಡೆ ತಿರುಗಿರಬೇಕು, ಚಿಕ್ಕವರಿದ್ದಾಗ ಹೇಗಿತ್ತು, ಎಲ್ಲ ಹೇಳಿದರು. ಅಪ್ಪ "ಗೊ..." ಎಂದು ಎರಡು ಸಲ ಬಾಯಿ ತೆರೆದು ಎರಡು ಸಲವೂ ಮುಚ್ಚಿಕೊಂಡ. ಲಂಬು ಕಿಸಕ್ಕೆಂದ.

ಕೆಲಸವೆಲ್ಲ ಮುಗಿದು, ಪೋಸ್ಟ್ ಅಂಕಲ್ ಟೋಪಿ ಹಾಕಿಕೊಂಡು ಹೊಸ್ತಿಲು ದಾಟಿದ ಮೇಲೆ ಬಟಾಣಿ ಪ್ಯಾಡು ಹಿಡಿದು ಅವರ ಹಿಂದೆ ಓಡಿದಳು.

"ಅಂಕಲ್, ಪ್ರಶ್ನೆ ನಂಬರ್ ಏಳು!"

ಅವರು ಬೀದಿಯಲ್ಲಿ ನಿಂತು, ಗಲ್ಲ ಸವರಿಕೊಂಡು, ಬಹಳ ಯೋಚನೆ ಮಾಡಿದರು. "ನಾಲ್ಕು," ಎಂದರು.

"ನಾಲ್ಕೇನಾ?"

"ಮೀಸೆ ಇನ್ನೂ ಬೆಳೀಬೇಕಲ್ಲಮ್ಮ. ಬೆಳೀಲಿ, ಆಮೇಲೆ ನೋಡೋಣ. ಬೇಕಾದ್ರೆ ನಿಮ್ಮಪ್ಪನಿಗೂ ತೋರಿಸು."

ಬಟಾಣಿ ಅನುಮಾನಿಸುತ್ತಲೇ ಒಳಗೆ ಬಂದು ಹಾಳೆಯನ್ನು ಅಪ್ಪನಿಗೆ ಕೊಟ್ಟಳು. ಅಪ್ಪ ಓದಿದ. ಅವಳು ಅಂದುಕೊಂಡಂತೆ ಅವನ ಮುಖ ಸಪ್ಪಗಾಗಲಿಲ್ಲ. ಕನ್ನಡಿಯ ಸುತ್ತ ಇದ್ದ ಐದು ಮಾರ್ಕ್ಸಿನ ಇಪ್ಪತ್ತು ಹಾಳೆಗಳನ್ನು ಒಂದೊಂದಾಗಿ ಕಿತ್ತು ಡ್ರಾಯರಿನಲ್ಲಿಟ್ಟ. ಖಾಲಿಯಾದ ಜಾಗದ ಮಧ್ಯದಲ್ಲಿ ಆ ನಾಲ್ಕನ್ನು ಅಂಟಿಸಿ, ಟೇಪನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದ.

ತಾನು ಒಂದು ಮಾರ್ಕ್ಸ್ ಕೊಟ್ಟಿದ್ದ ಹಾಳೆ ಎಲ್ಲಿದೆ ಎಂದು ಬಟಾಣಿಗೆ ಕೇಳಬೇಕೆನಿಸಿತು. ಅಪ್ಪನ ಅಂಗಿಯ ಜೇಬಿನಿಂದ ಮಡಿಸಿದ ಹಾಳೆಯ ತುದಿ ಇಣುಕುತ್ತಿತ್ತು.

"ಅಂಕಲ್, ನನ್ನ ಸರದಿ ಯಾವಾಗ?" ಎಂದ ಲಂಬು.

"ಬಂದೆ ಬಂದೆ," ಎಂದು ಅಪ್ಪ ಕುರ್ಚಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡ. "ಹೂಂ, ಹೇಳಪ್ಪ."